ಸಾಲ ಇರುವಾಗ ದಶಮಾಂಶ ಯಾಕೆ ಕೊಟ್ಟಿರಿ?

"ಸಾಲ ತಲೆಯ ಮೇಲಿರುವಾಗ ಚರ್ಚಿಗೆ ದಶಮಾಂಶ ಯಾಕೆ ಕೊಟ್ಟಿರಿ? ಕೊಟ್ಟದ್ದಕ್ಕೆ ದೇವರು ಎಂತ ಕೊಟ್ಟರು?"

ನಾದಿನಿ ಕೇಳುತ್ತಾಳೆ, ಪಕ್ಕದ ಮನೆಯವರು ಕೇಳುತ್ತಾರೆ, ಬ್ಲೌಸ್ ಹೊಲಿಸಲು ಬಂದವರು ಅಳತೆ ಕೊಡುತ್ತಾ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ದಶಮಾಂಶ ಅಂದರೆ ದುಡಿದದ್ದರಲ್ಲಿ ಹತ್ತನೇ ಒಂದು ಪಾಲನ್ನು ದೇವರಿಗೆಂದು ಚರ್ಚಿಗೆ ಕೊಡುವುದು.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ, ಯಾಕೆಂದರೆ ಸಿಟ್ಟು ಬರುವುದು ಅದಕ್ಕೇ. ನಾನು ದೇವರ ಹತ್ತಿರ ಚೀಟಿ ಹಾಕಿಲ್ಲ, ತಿಂಗಳಿಗೆ ಇಷ್ಟು ಕಟ್ಟಿ ಕೊನೆಗೆ ಇಷ್ಟು ಎತ್ತಲಿಕ್ಕೆ. ಅಮ್ಮ ಬೀಡಿ ಕಟ್ಟುತ್ತಿದ್ದರು. ಶನಿವಾರ ಸಂಜೆ ಮಜೂರಿ ಎಣಿಸಿ, ಹತ್ತರಲ್ಲಿ ಒಂದು ಪಾಲನ್ನು ತೆಗೆದು ಬೈಬಲಿನ ಒಳಗೆ ಇಡುತ್ತಿದ್ದರು. ಅಂಗಡಿಯ ಬಾಕಿಯ ಲೆಕ್ಕ ಆಮೇಲೆ. ಬದಲಿಗೆ ಏನು ಬಂತು ಎಂದು ಅವರು ಕೇಳಿದ್ದನ್ನು ನಾನು ಕಂಡಿಲ್ಲ.

ಇನ್ನು ಮೊದಲನೆಯದು. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ನಮ್ಮ ಯಜಮಾನರು ಸಾಲ ತೆಗೆದು ಕೊಂಡ ಶಾಲಾ ವ್ಯಾನ್ ಅಂಗಳದಲ್ಲಿ ನಿಂತಿತು. ಆಗಸ್ಟ್ 31ರವರೆಗೆ ಕಂತು ಮುಂದೂಡಲು ಆರ್‌ಬಿಐ ಬಿಟ್ಟಿತ್ತು, ನಿಜ. ಆದರೆ ಬಡ್ಡಿ ನಿಲ್ಲಲಿಲ್ಲ, ಬೆಳೆಯುತ್ತಲೇ ಹೋಯಿತು. ಮದುವೆಗಳು ನಿಂತು ಬ್ಲೌಸಿನ ಕೆಲಸವೂ ಹೋಯಿತು. ಬಟ್ಟೆಯ ಮಾಸ್ಕ್ ಹೊಲಿದು ಜೂನ್ ತಿಂಗಳಲ್ಲಿ 3,200 ರೂಪಾಯಿ ಬಂತು. 320 ತೆಗೆದು ಕವರಿಗೆ ಹಾಕಿದೆ.

ಯಾಕೆ ಅಂದರೆ, ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕುವಾಗ ಪ್ರತಿ ನೋಟಿಗೂ ಯಾರದೋ ಹೆದರಿಕೆ ಅಂಟಿತ್ತು. ಸೆಪ್ಟೆಂಬರಿನಿಂದ ಮತ್ತೆ ಶುರುವಾಗುವ ಕಂತು, ಅಡವಿಟ್ಟ ಬಳೆಯ ಬಡ್ಡಿ, ಕರೆಂಟ್ ಬಿಲ್. ಆ 320 ರೂಪಾಯಿ ಮಾತ್ರ ನಾನು ಯಾರಿಗೂ ಹೆದರದೆ ಕೊಡುವ ದುಡ್ಡಾಗಿತ್ತು. ಅದನ್ನು ತೆಗೆದಿಟ್ಟ ರಾತ್ರಿ ನನಗೆ ನಿದ್ದೆ ಬರುತ್ತಿತ್ತು. ದೇವರು ನಮ್ಮನ್ನು ಬಿಟ್ಟಿಲ್ಲ ಎಂದು ನಂಬಲಿಕ್ಕೆ ನನಗೆ ಗೊತ್ತಿದ್ದ ದಾರಿ ಅದೊಂದೇ.

ಆ ದಿನಗಳಲ್ಲೇ ಒಬ್ಬ ಬೋಧಕರು ಪ್ರಾರ್ಥನೆಗೆಂದು ಮನೆಗೆ ಬಂದರು, ನಮ್ಮ ಸಭೆಯವರಲ್ಲ, ಅಂದರೆ ನಮ್ಮ ಚರ್ಚಿನವರಲ್ಲ. ಬೈಬಲಿನಲ್ಲಿ ಪ್ರವಾದಿ ಮಲಾಕಿಯ 3ನೇ ಅಧ್ಯಾಯ ತೆಗೆದು, "ದಶಮಾಂಶದಲ್ಲಿ ಎಲ್ಲೋ ಕಡಿಮೆ ಮಾಡಿದ್ದೀರಿ, ಅದಕ್ಕೇ ಈ ಕಷ್ಟ" ಅಂದರು. ಯಜಮಾನರು ತಲೆ ಎತ್ತಲಿಲ್ಲ. ನನ್ನ ಹೊಟ್ಟೆ ಉರಿಯಿತು. ದೇಶದ ಶಾಲೆಗಳಿಗೆಲ್ಲ ಬೀಗ ಬಿದ್ದಿತ್ತು. ಅಷ್ಟೂ ಶಾಲೆಗಳ ವ್ಯಾನ್ ಓಡಿಸುವವರು ದಶಮಾಂಶ ಕದ್ದಿದ್ದರಾ?

ಅವರು ಹೋದ ಮೇಲೆ ಆ ಅಧ್ಯಾಯವನ್ನು ನಾನೇ ಓದಿದೆ. ಅವರು ಓದಿದ್ದು 10ನೇ ವಚನ: ದಶಮಾಂಶವನ್ನೆಲ್ಲ ಭಂಡಾರಕ್ಕೆ ತನ್ನಿ, ಆಕಾಶದ ಬಾಗಿಲು ತೆರೆದು ಆಶೀರ್ವಾದ ಸುರಿಸುತ್ತೇನೋ ಇಲ್ಲವೋ ಪರೀಕ್ಷಿಸಿ ನೋಡಿ. ಅದೇ ವಚನದಲ್ಲಿ ಯಾಕೆ ತರಬೇಕು ಎಂದೂ ಇದೆ: ನನ್ನ ಮನೆಯಲ್ಲಿ ಆಹಾರವಿರಲಿ ಎಂದು. ಐದು ವಚನ ಹಿಂದೆ ಹೋದರೆ, ಕೂಲಿಯವನ ಕೂಲಿ ಹಿಡಿಯುವವರ ಮೇಲೆ, ವಿಧವೆಯನ್ನೂ ಅನಾಥರನ್ನೂ ಪೀಡಿಸುವವರ ಮೇಲೆ ದೇವರ ಸಿಟ್ಟು ಇದೆ. ಅದನ್ನು ಅವರು ಓದಲಿಲ್ಲ. ಬೈಬಲಿನದೇ ಧರ್ಮೋಪದೇಶಕಾಂಡದ 14ನೇ ಅಧ್ಯಾಯ ಇನ್ನೂ ಸ್ಪಷ್ಟ. ಮೂರು ವರ್ಷಕ್ಕೊಮ್ಮೆ ದಶಮಾಂಶವನ್ನು ಊರಲ್ಲೇ ಕೂಡಿಡಬೇಕು. ದೇವರ ಮನೆಯ ಸೇವೆ ಮಾಡುವ, ಹೊಲವಿಲ್ಲದ ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ಬಂದು ಹೊಟ್ಟೆತುಂಬ ಉಣ್ಣಬೇಕು. ದಶಮಾಂಶ ಅಂದರೆ ಮೊದಲಿಗೆ ಕಾಳು, ದ್ರಾಕ್ಷಾರಸ, ಎಣ್ಣೆ. ಅನ್ನದ ಮಾತು ಅದು.

ಆಗಸ್ಟಿನಲ್ಲಿ ಗ್ಯಾಸ್ ಮುಗಿಯಿತು. ಮಳೆಗೆ ಸೌದೆಯೂ ಒದ್ದೆ. ಬೈಬಲಿನಿಂದ ಕವರ್ ತೆಗೆದೆ. ಗೋಂದು ಹಚ್ಚಿ ಮುಚ್ಚಿದ್ದೆ, ಹರಿಯಲು ಮನಸ್ಸಾಗದೆ ಅಂಚಿನಿಂದ ಮೆಲ್ಲನೆ ಬಿಡಿಸಿದೆ. ಅದಕ್ಕೆ ಇನ್ನಷ್ಟು ಸೇರಿಸಿ ಸಿಲಿಂಡರ್ ತರಿಸಿದೆವು. ಮರುದಿನ ನಮ್ಮ ಸಭೆಯ ಪಾಸ್ಟರ್ ಅಯ್ಯನವರ ಮನೆಗೆ ಹೋಗಿ, ಹೊಸಿಲಲ್ಲೇ ನಿಂತು, "ಅಯ್ಯನವರೇ, ದೇವರ ದುಡ್ಡು ಖರ್ಚು ಮಾಡಿದೆ" ಅಂದೆ.

ಅವರು ಕವರಿನ ವಿಷಯ ಎತ್ತಲೇ ಇಲ್ಲ. "ಮನೆಯಲ್ಲಿ ಅಕ್ಕಿ ಉಂಟಾ?" ಅಂದರು.

ನಾನು ಉಂಟು ಅಂದೆ. ಸುಳ್ಳು. ಬೆಳಿಗ್ಗೆ ಪಾವು ಡಬ್ಬಿಯ ತಳಕ್ಕೆ ತಾಗಿ ಕರಕರ ಅಂದಿತ್ತು. ಅವರಿಗೆ ತಿಳಿಯಿತೆಂದು ಕಾಣುತ್ತದೆ. ಶನಿವಾರ ಸ್ತ್ರೀ ಸಂಘದ ಇಬ್ಬರು ಆಟೋದಲ್ಲಿ 25 ಕೆ.ಜಿ. ಕುಚ್ಚಲಕ್ಕಿ ತಂದರು. ನಾನು ಸಂಕೋಚಪಟ್ಟದ್ದಕ್ಕೆ ಅವರಲ್ಲಿ ಹಿರಿಯರು, "ನಮ್ಮ ಕೈಯಿಂದ ಕೊಡುವುದಲ್ಲ ಮಾರಾಯ್ತಿ, ದಶಮಾಂಶದ ಲೆಕ್ಕದ್ದು. ಇದಕ್ಕೇ ಇರುವುದು" ಅಂದರು.

ನನ್ನನ್ನು ಯಾರಾದರೂ ಕೇಳುವುದಿದ್ದರೆ ಅಯ್ಯನವರು ಕೇಳಿದ ಪ್ರಶ್ನೆ ಕೇಳಿ. ಕೊಟ್ಟಿರಾ ಎಂದು ಕೇಳಲು ಜನ ಇದ್ದಾರೆ, ಕೊಡಬೇಡಿ ಎನ್ನಲೂ ಇದ್ದಾರೆ. ಅಕ್ಕಿ ಡಬ್ಬಿ ನೋಡುವವರು ಕಡಿಮೆ. ನಮ್ಮ ಸಭೆಗಳು ಹುಟ್ಟಿದ್ದೇ ಬೇರೆ ಥರ. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಮಂಗಳೂರಿಗೆ ಬಂತು. ಕ್ರೈಸ್ತರಾದವರಿಗೆ ಮನೆಯ ಆಸರೆಯೂ ಕುಲಕಸುಬೂ ತಪ್ಪಿದಾಗ ಮಿಶನ್ ಮಗ್ಗ ಹಾಕಿಕೊಟ್ಟಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ನಮ್ಮ ಮುತ್ತಜ್ಜ ಹಂಚಿಗೆ ಮಣ್ಣು ಹದ ಮಾಡಿದವರು. ಕಾಣಿಕೆಯ ಚೀಲ ಹಿಡಿಯುವ ಸಭೆಗೆ ಆ ಮನೆಯ ಒಲೆಯ ವಿಚಾರವೂ ಗೊತ್ತಿರಬೇಕು. ಇದು ನನ್ನ ಖಂಡಿತ ಮಾತು.

ಸಾಲ ಮಾಡಿ ದಶಮಾಂಶ ಕೊಡಬೇಕಾ ಎನ್ನುವವರಿಗೆ: ಬೇಡ. ಒತ್ತಾಯದಿಂದಲ್ಲ, ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಷ್ಟು ಕೊಡಿ ಎಂದು ಅಪೊಸ್ತಲ ಪೌಲನೇ ಕೊರಿಂಥದ ಸಭೆಯವರಿಗೆ ಬರೆದಿದ್ದಾನೆ. ತನ್ನಲ್ಲಿದ್ದ ಎರಡು ಕಾಸನ್ನೂ ದೇವಾಲಯದ ಕಾಣಿಕೆಗೆ ಹಾಕಿ ಯೇಸುವಿನ ಮೆಚ್ಚುಗೆ ಪಡೆದ ವಿಧವೆಯನ್ನು ಕೂಡಲೇ ಎಳೆದು ತರಬೇಡಿ. ಮಾರ್ಕನ ಸುವಾರ್ತೆಯಲ್ಲಿ ಅವಳ ಕತೆಗೆ ಮೊದಲೇ, ವಿಧವೆಯರ ಮನೆಗಳನ್ನು ನುಂಗುವವರ ಬಗ್ಗೆ ಯೇಸು ಎಚ್ಚರಿಸಿದ್ದಾರೆ. ಎರಡನ್ನೂ ಸೇರಿಸಿ ಓದಿ.

2021ರ ಅಕ್ಟೋಬರ್ 25ಕ್ಕೆ ಒಂದರಿಂದ ಐದನೇ ತರಗತಿ ತೆರೆಯಿತು. ಯಜಮಾನರು ವ್ಯಾನಿಗೆ ಹೊಸ ಬ್ಯಾಟರಿ ಹಾಕಿಸಿ, ಸೀಟಿನಡಿಯ ಇಲಿಗೂಡು ತೆಗೆದು, ಹನ್ನೊಂದು ಮಕ್ಕಳನ್ನು ಕರೆದುಕೊಂಡು ಹೋದರು. ತಿಂಗಳ ಕೊನೆಗೆ ಬಾಡಿಗೆಯ ದುಡ್ಡು ಮೇಜಿನ ಮೇಲಿಟ್ಟು, ಹೊಸ ಕವರ್ ಕೇಳಿದರು.

"ಡೀಸೆಲ್ ಖರ್ಚು ಕಳೆದು ಹಾಕಬೇಕಾ, ಕಳೆಯದೆಯಾ?"

"ಕಳೆದು ಹಾಕಿ" ಅಂದೆ.