ಅಮ್ಮನ ಮೇಲ್ಮನವಿಗೆ ಫೀಸು ಬೇಕಾಗಲಿಲ್ಲ

ಕಾಳುಮೆಣಸು ಕೊಯ್ಯುವಾಗ ಏಣಿ ಜಾರಿ, ಸಿಲ್ವರ್ ಮರದ ಮೇಲಿಂದ ಬಿದ್ದು ಅಪ್ಪ ತೀರಿಕೊಂಡರು. ಕೊಡಗಿನ ತೋಟಗಳಲ್ಲಿ ಇದು ಹೊಸದೇನಲ್ಲ. ಉದ್ದನೆಯ ಬಿದಿರಿನ ಏಣಿ, ಇಬ್ಬನಿಗೆ ಒದ್ದೆಯಾದ ಬಳ್ಳಿ, ಸೊಂಟಕ್ಕೆ ಕಟ್ಟಿದ ಚೀಲ. ಮೇಲೆ ಹತ್ತಿದವರಿಗೆ ಹಿಡಿಯೋಕೆ ಬೇರೇನೂ ಇರೋದಿಲ್ಲ.

ಅಮ್ಮ ಪರಿಹಾರ ಕೇಳಿ ಕೇಸು ಹಾಕಿದರು. ತೀರ್ಪು ನಮ್ಮ ವಿರುದ್ಧ ಬಂತು. ಕೆಲಸಕ್ಕೆ ಕರೆದದ್ದು ಆಳುಗಳನ್ನು ಒದಗಿಸುವ ಮೇಸ್ತ್ರಿ, ಕೂಲಿ ಕೊಟ್ಟದ್ದೂ ಮೇಸ್ತ್ರಿ, ತೋಟದವರಿಗೆ ಸಂಬಂಧವಿಲ್ಲ ಅನ್ನುವ ವಾದ ಗೆದ್ದಿತು. ನಾನು ಇದನ್ನು ಇವತ್ತಿಗೂ ಒಪ್ಪುವುದಿಲ್ಲ. ಮಾಲೀಕರು ತಮ್ಮದೇ ಕಸುಬಿನ ಕೆಲಸವನ್ನು ಗುತ್ತಿಗೆಗೆ ಕೊಟ್ಟರೂ ಪರಿಹಾರದ ಹೊಣೆ ಅವರ ಮೇಲಿದೆ ಅಂತ ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯಿದೆಯ 12ನೇ ಸೆಕ್ಷನ್ ಹೇಳುತ್ತಿತ್ತು. ಮೆಣಸು ಕೊಯ್ಯೋದು ತೋಟದ ಕೆಲಸ ಅಲ್ಲದೆ ಇನ್ನೇನು?

ಮೇಲ್ಮನವಿಯನ್ನು 60 ದಿನದೊಳಗೆ ಹೈಕೋರ್ಟಿಗೇ ಹಾಕಬೇಕಿತ್ತು. ಬೆಂಗಳೂರಿನ ವಕೀಲರು, ಕೋರ್ಟ್ ಫೀಸು, ಕನ್ನಡದ ದಾಖಲೆಗಳ ಇಂಗ್ಲಿಷ್ ಅನುವಾದ, ಎಲ್ಲಕ್ಕೂ ದುಡ್ಡು. ಪರಿಚಯದ ವಕೀಲರೊಬ್ಬರು ಪಾಪರ್ ಅರ್ಜಿಯ ಬಗ್ಗೆ ಹೇಳಿದರು. ಫೀಸು ಕಟ್ಟಲು ಶಕ್ತಿ ಇಲ್ಲ ಅಂತ ಕೋರ್ಟಿಗೆ ತೋರಿಸಬೇಕು, ಆಸ್ತಿಯ ವಿಚಾರಣೆ ಆಗುತ್ತದೆ, ಸೋತರೆ ಆ ಫೀಸು ಕಟ್ಟಿ ಅಂತ ಆದೇಶ ಬರಬಹುದು.

"ನಮ್ಮ ಪಾತ್ರೆ ಪಗಡ ಎಣಿಸೋಕೆ ಬರ್ತಾರಾ?" ಅಂದರು ಅಮ್ಮ. ಆಮೇಲೆ ಮನೆಯಲ್ಲಿ ಆ ಮಾತೇ ಎತ್ತಲಿಲ್ಲ.

ಜೋರು ಮಳೆಯ ಒಂದು ಬೆಳಿಗ್ಗೆ, ಕಾಗದಗಳನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಕೊಂಡು ಸಿದ್ದಾಪುರದಿಂದ ವಿರಾಜಪೇಟೆ ಬಸ್ಸು ಹತ್ತಿದೆವು. ಕೋರ್ಟಿನಲ್ಲೇ ಉಚಿತ ಕಾನೂನು ನೆರವು ಕೊಡುವ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಅಲ್ಲಿ ಕೂತಿದ್ದ ಸ್ವಯಂಸೇವಕಿ ಅಕ್ಕ ಒಂದು ಅರ್ಜಿ ಕೊಟ್ಟರು. ನಾನು ತುಂಬುತ್ತಾ ಆದಾಯದ ಕಾಲಂಗೆ ಬಂದೆ. ಅವರು ಪೆನ್ನಿನ ಮುಂದೆ ಬೆರಳಿಟ್ಟರು.

"ಅರ್ಜಿ ಅಮ್ಮನ ಹೆಸರಲ್ಲಿ ತಾನೆ? ಹಾಗಾದ್ರೆ ಆದಾಯ ಎಷ್ಟಿದ್ದರೂ ಪರವಾಗಿಲ್ಲ. ಸರ್ಟಿಫಿಕೇಟೂ ಬೇಡ."

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ. ಅಲ್ಲೂ 12ನೇ ಸೆಕ್ಷನ್ನೇ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ದೊಡ್ಡ ವಿಪತ್ತಿನಲ್ಲಿ ನೊಂದವರು, ಇವರಿಗೆ ಆದಾಯದ ಮಿತಿಯೇ ಇಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡ ನಮ್ಮ ಜಿಲ್ಲೆಯವರೂ ಇದನ್ನು ಕೇಳಬಹುದು. ಇದನ್ನು ಪಂಚಾಯ್ತಿ ಗೋಡೆಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಬೇಕಿತ್ತು. ವಕೀಲರು ಮಾತ್ರ ಅಲ್ಲ, ಕೋರ್ಟ್ ಫೀಸು, ಅನುವಾದ, ತೀರ್ಪಿನ ನಕಲು, ಎಲ್ಲವೂ ಆ ನೆರವಿನಲ್ಲೇ ಬರುತ್ತದೆ.

ಸಹಿ ಹಾಕುವ ಮೊದಲು ಅಮ್ಮ ಕೇಳಿದರು, "ಇದರಲ್ಲಿ ನಾನು ಬಡವಿ ಅಂತ ಎಲ್ಲಿ ಬರೆದಿದೆ?"

"ಎಲ್ಲೂ ಬರೆದಿಲ್ಲ ಅಮ್ಮಾ. ನಿಮಗೆ ಹಕ್ಕಿದೆ ಅಂತ ಬರೆದಿದೆ."

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡರು. ಒಂದೊಂದೇ ಅಕ್ಷರ ಒತ್ತಿ ಹೆಸರು ಬರೆದರು. ಅಪ್ಪ ಕಲಿಸಿದ ಸಹಿ ಅದು.

ಫೈಲು ಬೆಂಗಳೂರಿನ ಹೈಕೋರ್ಟ್ ಕಾನೂನು ಸೇವಾ ಸಮಿತಿಗೆ ಹೋಯಿತು. ಅವರು ನೇಮಿಸಿದ ವಕೀಲರು ಫೋನ್ ಮಾಡಿ, ಮೇಸ್ತ್ರಿಯ ವಿಷಯವನ್ನು ಬಿಡಿಬಿಡಿಯಾಗಿ ಕೇಳಿಕೊಂಡು, ಗಡುವಿನೊಳಗೇ ಮೇಲ್ಮನವಿ ಹಾಕಿದರು. ಕೇಸು ಇನ್ನೂ ನಡೆಯುತ್ತಿದೆ. ಈಗ ತೋಟದ ಕೆಲಸಗಾರರು ಇರುವ ನಮ್ಮ ಲೈನ್ ಮನೆಗಳಲ್ಲಿ ಯಾರಿಗಾದರೂ ಪರಿಹಾರ, ಪಿಂಚಣಿ ತಿರಸ್ಕಾರವಾದರೆ ಅಮ್ಮನೇ ಕರೆದು ಕೂರಿಸಿ, ಕಾನೂನು ನೆರವಿನ ಉಚಿತ ಸಹಾಯವಾಣಿ 15100ಕ್ಕೆ ಫೋನ್ ಹಚ್ಚಿ ಕೊಡುತ್ತಾರೆ.