ಭಕ್ತಿಯನ್ನೂ ಕ್ಲಾಸಿನಲ್ಲಿ ಕಲಿಸುತ್ತಾರಾ?

ಸೆಮಿನರಿ, ಅಂದರೆ ಪಾದ್ರಿಗಳನ್ನು ತಯಾರುಮಾಡುವ ಕಾಲೇಜು, ಎಂದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ: "ದೇವಶಾಸ್ತ್ರ ಓದಿ ಪಾಸು ಮಾಡಬಹುದು ಸರಿ, ಭಕ್ತಿಯನ್ನು ಹೇಗೆ ಕಲಿಸುತ್ತಾರೆ? ಬೆಳಗಿನಿಂದ ರಾತ್ರಿವರೆಗೆ ಪ್ರಾರ್ಥನೆಯೇನಾ?"

ಭಕ್ತಿಯನ್ನು ಯಾರೂ ಕಲಿಸುವುದಿಲ್ಲ. ಗಂಟೆ ಬಾರಿಸಿದಾಗ ಬಂದು ಕೂರುವುದನ್ನು, ಪಕ್ಕದವರ ದನಿಗೆ ದನಿ ಸೇರಿಸುವುದನ್ನು ಕಲಿಸುತ್ತಾರೆ. ಉಳಿದದ್ದು ಅದರಿಂದ ಬರುತ್ತದೆ ಎಂಬುದು ಆಂಗ್ಲಿಕನರ, ಅಂದರೆ ಇಂಗ್ಲೆಂಡಿನ ಸಭೆಯ (ಚರ್ಚ್) ಪರಂಪರೆಯವರ, ನಂಬಿಕೆ. ಬಂದೇ ಬರುತ್ತದೆ ಎಂಬ ಗ್ಯಾರಂಟಿ ಇಲ್ಲ.

ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) 1947ರಲ್ಲಿ ಹುಟ್ಟಿದಾಗ ಆಂಗ್ಲಿಕನರ ಜೊತೆ ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳೂ ಸೇರಿದ್ದವು. ಹಾಗಾಗಿ 1910ರಿಂದ ಇರುವ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ಹಲವು ಪದ್ಧತಿಗಳು ಕೂಡಿವೆ. ಅಚ್ಚ ಆಂಗ್ಲಿಕನ್ ಮಾದರಿ ಬೇಕೆಂದರೆ ಯಾರ್ಕ್‌ಷೈರಿನ ಮಿರ್‌ಫೀಲ್ಡನ್ನು ನೋಡಬೇಕು. ಚಾರ್ಲ್ಸ್ ಗೋರ್ 1892ರಲ್ಲಿ ಕಟ್ಟಿದ ಸನ್ಯಾಸಿ ಸಂಘ ಅಲ್ಲಿದೆ. ಪಾದ್ರಿಯಾಗುವ ಕರೆ ಇದ್ದರೂ ಕಾಸಿಲ್ಲದ ಹುಡುಗರಿಗಾಗಿ ಆ ಸಂಘ 1902ರಲ್ಲಿ ಕಾಲೇಜು ತೆರೆಯಿತು. ವಿದ್ಯಾರ್ಥಿಗಳೂ ಸನ್ಯಾಸಿಗಳೂ ಪ್ರಾರ್ಥಿಸುವುದು ಒಂದೇ ದೇವಾಲಯದಲ್ಲಿ. ಜರ್ಮನಿಯ ದೇವಶಾಸ್ತ್ರಜ್ಞ ಬೊನ್‌ಹಾಫರ್ ತನ್ನ ಸೆಮಿನರಿ ಶುರುಮಾಡುವ ಮುನ್ನ, 1935ರಲ್ಲಿ, ಇಲ್ಲಿಗೆ ಬಂದು ನೋಡಿಕೊಂಡು ಹೋಗಿದ್ದರು.

ಇಂಥ ಕಡೆ ದಿನಚರಿ ಹೆಚ್ಚುಕಡಿಮೆ ಹೀಗಿರುತ್ತದೆ: ಬೆಳಗಿನ ಪ್ರಾರ್ಥನೆ, ಪ್ರಭುಭೋಜನ (ರೊಟ್ಟಿ–ದ್ರಾಕ್ಷಾರಸದ ಆರಾಧನೆ), ತಿಂಡಿ, ಪಾಠಗಳು, ಸಂಜೆ ಪ್ರಾರ್ಥನೆ, ಊಟ, ಮಲಗುವ ಮುನ್ನ ಕಾಂಪ್ಲಿನ್ ಎಂಬ ಪುಟ್ಟ ರಾತ್ರಿ ಪ್ರಾರ್ಥನೆ. ಮಠಗಳಲ್ಲಿ ದಿನಕ್ಕೆ ಎಂಟು ಹೊತ್ತು ನಡೆಯುತ್ತಿದ್ದುದನ್ನು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಕ್ರಾನ್ಮರ್ 1549ರಲ್ಲಿ ಬೆಳಗು–ಸಂಜೆ ಎರಡಕ್ಕೆ ಇಳಿಸಿದರು. ಇಂಗ್ಲೆಂಡಿನ ಸಭೆಯ ಪ್ರತಿ ಪಾದ್ರಿಗೂ ಆ ಎರಡು ಇವತ್ತಿಗೂ ಕಡ್ಡಾಯ. ಕಾಯಿಲೆ ಅಥವಾ ತುರ್ತು ಕೆಲಸ ಇದ್ದರೆ ಮಾತ್ರ ವಿನಾಯಿತಿ.

ಇದರ ಜೀವ ಇರುವುದು ಸತ್ಯವೇದದ (ಬೈಬಲ್) ಕೀರ್ತನೆಗಳಲ್ಲಿ. ಇಂಗ್ಲೆಂಡಿನ ಸಭೆಯ 1662ರ ಪ್ರಾರ್ಥನಾ ಪುಸ್ತಕ 150 ಕೀರ್ತನೆಗಳನ್ನು 30 ದಿನಕ್ಕೆ, ದಿನಕ್ಕೆರಡರಂತೆ 60 ಪಾಲಾಗಿ ಹಂಚಿದೆ. 31ನೇ ತಾರೀಕು ಇದ್ದರೆ 30ರದ್ದನ್ನೇ ಮತ್ತೊಮ್ಮೆ ಹೇಳಬೇಕು. ಈಗ ಬೇರೆ ಪಟ್ಟಿಗಳೂ ಬಂದಿವೆ, ಆದರೆ ಈ ಹಳೆಯ ಲೆಕ್ಕಕ್ಕೆ ಒಂದು ನಿಷ್ಠುರತೆ ಇದೆ. 15ರ ಸಂಜೆ ಎಷ್ಟೇ ಸುಸ್ತಾಗಿದ್ದರೂ ಉದ್ದನೆಯ 78ನೇ ಕೀರ್ತನೆ ಪೂರ್ತಿ ಹೇಳಲೇಬೇಕು. 4ರ ಸಂಜೆ, ದೇವರೇ ಯಾಕೆ ಕೈಬಿಟ್ಟೆ ಎಂದು ಗೋಳಿಡುವ 22ರ ಬೆನ್ನಿಗೇ ಕುರುಬನ 23 ಬರುತ್ತದೆ. ಮದುವೆ ಗೊತ್ತಾದವನೂ ಅವತ್ತು 22 ಹೇಳಬೇಕು, ಅಪ್ಪನನ್ನು ಕಳೆದುಕೊಂಡವಳೂ 23 ಹೇಳಬೇಕು. ಮನಸ್ಸಿಗೆ ಹಿಡಿದದ್ದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇಲ್ಲದಿರುವುದೇ ಇಲ್ಲಿನ ಪಾಠ.

ಹೇಳುವ ಕ್ರಮವೂ ಬೇರೆ. ಎರಡು ಸಾಲು ಎದುರುಬದುರು ಕೂತು ಕೀರ್ತನೆಯ ಒಂದೊಂದು ವಚನವನ್ನು (ಅಂಕಿ ಹಾಕಿದ ಸಾಲು) ಸರದಿಯಲ್ಲಿ ಹೇಳುತ್ತಾರೆ. ವಚನದ ನಡುವೆ ಒಂದು ಉಸಿರಿನಷ್ಟು ನಿಲ್ಲಬೇಕು. "ಯೆಹೋವನು ನನಗೆ ಕುರುಬನು" ಎಂದು ನಿಂತು, ಆಮೇಲೆ "ಕೊರತೆಪಡೆನು." ಇದು ಮುಗಿದದ್ದೇ ಎದುರು ಸಾಲು ತಡಮಾಡದೆ ಮುಂದಿನ ವಚನ ಎತ್ತಿಕೊಳ್ಳುತ್ತದೆ. ಹೊಸಬರು ಇದನ್ನು ತಲೆಕೆಳಗು ಮಾಡುತ್ತಾರೆ: ನಡುವೆ ನಿಲ್ಲದೆ ಓಡಿ, ವಚನದ ಕೊನೆಯಲ್ಲಿ ಕಾಯುತ್ತಾರೆ. ಆಗ ಪ್ರಾರ್ಥನೆ ಹಳೆಯ ಬಸ್ಸಿನಂತೆ ಎಳೆದೆಳೆದು ಸಾಗುತ್ತದೆ. ಒಳ್ಳೆಯ ಕಂಠ ಇರುವವರ ತೊಂದರೆ ಇನ್ನೂ ದೊಡ್ಡದು, ಅವರ ದನಿಯೊಂದೇ ಮೇಲೆ ಕೇಳುತ್ತಿರುತ್ತದೆ. ಮದ್ದು ಸರಳ: ಪಕ್ಕದವರ ದನಿ ಕೇಳಿಸದಿದ್ದರೆ ನಿಮ್ಮದು ಜೋರಾಯಿತು ಎಂದರ್ಥ. ಇದನ್ನು ರೂಢಿಸಿಕೊಳ್ಳಲು ತಿಂಗಳುಗಳೇ ಬೇಕು. ಸಭೆಯ ಕಮಿಟಿ ಮೀಟಿಂಗಿನಲ್ಲಿ ಇತರರ ಮಾತು ಕೇಳಿಸಿಕೊಳ್ಳುವ ಪಾದ್ರಿಗೂ ಕೇಳಿಸಿಕೊಳ್ಳದ ಪಾದ್ರಿಗೂ ಇರುವ ವ್ಯತ್ಯಾಸ ಶುರುವಾಗುವುದು ಇಲ್ಲೇ ಎಂಬ ಅನುಮಾನ ನನಗಿದೆ.

ಸತ್ಯವೇದದ ಪಾಠ ಓದುವವರು ಹಿಂದಿನ ರಾತ್ರಿಯೇ ಗಟ್ಟಿಯಾಗಿ ಒಮ್ಮೆ ಓದಿಕೊಂಡು, ಪುಟದಲ್ಲಿ ರಿಬ್ಬನ್ ಇಟ್ಟಿರಬೇಕು. ಇಲ್ಲದಿದ್ದರೆ ವಂಶಾವಳಿಯ ಹೆಸರುಗಳ ನಡುವೆ ನಾಲಿಗೆ ಸಿಕ್ಕಿಕೊಳ್ಳುವುದು ಖಂಡಿತ. ನಾಟಕೀಯವಾಗಿ ಓದಬಾರದು, ಅಷ್ಟೇ.

ಕಾಂಪ್ಲಿನ್ ಮುಗಿದ ಮೇಲೆ ಮೌನ. ಸಾಮಾನ್ಯವಾಗಿ ಮರುದಿನ ತಿಂಡಿಯ ಹೊತ್ತಿನವರೆಗೂ ಅದು ಉಳಿಯುತ್ತದೆ. ಮೊಬೈಲ್ ಬಂದ ಮೇಲೆ ಇದು ಕಷ್ಟವಾಗಿದೆ: ಬಾಯಿ ಮುಚ್ಚಿರುತ್ತದೆ, ಬೆರಳು ಮಾತಾಡುತ್ತಿರುತ್ತದೆ. ಮೌನವನ್ನು ಮುನಿಸಿಗೆ ಬಳಸುವವರೂ ಇದ್ದಾರೆ. ಸಂಜೆ ಪಾತ್ರೆ ತೊಳೆಯುವಾಗ ಜಗಳವಾಡಿದವನಿಗೆ ಬೆಳಗ್ಗೆ ಮುಖ ಕೊಡದಿರಲು ಒಳ್ಳೆಯ ನೆಪ.

ಹೊರಗಿನವರಿಗೆ ಗೊತ್ತಿಲ್ಲದ ಒಂದು ಏರ್ಪಾಡು ಇದೆ. ಪ್ರಾಂಶುಪಾಲರು ವಿದ್ಯಾರ್ಥಿಯ ಬಗ್ಗೆ ಬಿಷಪ್ಪರಿಗೆ ವರದಿ ಬರೆಯುತ್ತಾರೆ, ಪಾದ್ರಿ ದೀಕ್ಷೆಯ ತೀರ್ಮಾನಕ್ಕೆ ಅದು ಮುಖ್ಯ. ಆದ್ದರಿಂದ ಆತ್ಮಿಕ ಮಾರ್ಗದರ್ಶಕರು ಆ ವರದಿಗೆ ಸಂಬಂಧವಿಲ್ಲದವರಾಗಿರಬೇಕು. ಕಾಲೇಜಿನ ಹೊರಗಿನವರಾದರೆ ಇನ್ನೂ ಒಳ್ಳೆಯದು. ಅಂಕ ಹಾಕುವವರ ಮುಂದೆ ತನ್ನ ಸಂಶಯವನ್ನು ಯಾರು ಬಿಚ್ಚಿಡುತ್ತಾರೆ?

ಜೀವನ ನಿಯಮ ಎಂದು ಪ್ರತಿಯೊಬ್ಬರೂ ಸ್ವಂತಕ್ಕೆ ಬರೆದುಕೊಳ್ಳುವ ಪುಟ್ಟ ಪಟ್ಟಿಯೂ ಕೆಡುವುದುಂಟು. ಕಾರಣ ಉತ್ಸಾಹ. ದಿನಕ್ಕೆ ಒಂದು ಗಂಟೆ ಧ್ಯಾನ, ವಾರಕ್ಕೆರಡು ಉಪವಾಸ ಎಂದು ಬರೆದದ್ದು ಕೆಲವೇ ವಾರದಲ್ಲಿ ಮುರಿದು ಬೀಳುತ್ತದೆ, ಮುರಿದ ನಾಚಿಕೆಗೆ ಎಲ್ಲವೂ ಬಿಟ್ಟುಹೋಗುತ್ತದೆ. ಇಪ್ಪತ್ತು ನಿಮಿಷ ಎಂದು ಬರೆದು ಇಪ್ಪತ್ತೇ ನಿಮಿಷ ಕೂರುವುದು ಲೇಸು.

ನಿಜವಾದ ಪರೀಕ್ಷೆ ಇರುವುದು ಕಾಲೇಜು ಬಿಟ್ಟ ಮೇಲೆ. ಪಾದ್ರಿ ಗಂಟೆ ಬಾರಿಸಿ ಜನರನ್ನು ಕರೆಯಬೇಕೆಂದು ಪ್ರಾರ್ಥನಾ ಪುಸ್ತಕ ಹೇಳುತ್ತದೆ. ಬಾರಿಸಿದರೂ ಬುಧವಾರ ಬೆಳಗ್ಗೆ ಎಷ್ಟೋ ಕಡೆ ಯಾರೂ ಬರುವುದಿಲ್ಲ. ಎರಡೂ ಸಾಲಿನ ವಚನಗಳನ್ನು ಒಬ್ಬರೇ ಹೇಳಬೇಕು. ಆಗ ಮೊದಲು ಕಳೆದುಹೋಗುವುದು ನಡುವಿನ ಆ ಉಸಿರು, ಆಮೇಲೆ ದನಿ. ಕೊನೆಗೆ ಕಣ್ಣಷ್ಟೇ ಪುಟದ ಮೇಲೆ ಓಡುತ್ತಿರುತ್ತದೆ. ಅದಕ್ಕೇ ಹಳಬರು ಹೊಸ ಪಾದ್ರಿಗಳಿಗೆ ಹೇಳುವುದು: ಖಾಲಿ ದೇವಾಲಯವಾದರೂ ಗಟ್ಟಿಯಾಗಿ ಹೇಳಿ, ನಡುವೆ ನಿಲ್ಲಿ.