ಇಬ್ಬರು ಝಾಂಗ್ ವೇ, ಒಂದು ಡ್ರಾಯಿಂಗ್

ಪೆಟ್ಟಿಗೆ ಒಡೆದು, ಪಂಪಿನಿಂದ ನೀರು ಸೋರದಂತೆ ತಡೆಯುವ ಒಂದು ಸೀಲನ್ನು ಕೈಗೆತ್ತಿಕೊಂಡ ನಮ್ಮ ಸ್ಟೋರ್‌ಕೀಪರ್ ಅದನ್ನು ಪಂಪಿನ ಶಾಫ್ಟಿನ ತುದಿಗೆ ಹಿಡಿದು ಒತ್ತಿದರು. ಹೋಗಲಿಲ್ಲ. ತಿರುಗಿಸಿ ಒತ್ತಿದರು. ಆಗಲೂ ಹೋಗಲಿಲ್ಲ. ಜೇಬಿನಿಂದ ವರ್ನಿಯರ್ ತೆಗೆದು ಅಳೆದು ನೋಡಿ, ‘ಸಾರ್, ಇದು 24’ ಎಂದರು. ನಮಗೆ ಬೇಕಾಗಿದ್ದುದು 25 ಮಿಲಿಮೀಟರಿನದು. ಒಂದಲ್ಲ ಎರಡಲ್ಲ, 600 ಸೀಲುಗಳು. ಹಡಗಿನಲ್ಲಿ ಚೆನ್ನೈಗೆ ಬಂದು, ಸುಂಕ ಕಟ್ಟಿಸಿಕೊಂಡು, ಲಾರಿ ಹತ್ತಿ ಪೀಣ್ಯ ಮುಟ್ಟಿದ್ದವು.

ನೀರಿನ ಪಂಪು ತಯಾರಿಸುವ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ನನ್ನ ಕೆಲಸ. ಈ ಮೆಕ್ಯಾನಿಕಲ್ ಸೀಲುಗಳನ್ನು ಚೀನಾದ ನಿಂಗ್ಬೊ ಕಡೆಯ ಒಬ್ಬ ತಯಾರಕರಿಂದ ತರಿಸುತ್ತೇವೆ. ಶಾಫ್ಟಿನ ವ್ಯಾಸ ಬದಲಾದಾಗ ಹೊಸ ಡ್ರಾಯಿಂಗನ್ನು ಇಮೇಲ್ ಮಾಡಿದವನು ನಾನೇ. ತೆಗೆದು ನೋಡಿದೆ: ಹೋಗಿದೆ, ಅದೂ ಝಾಂಗ್ ವೇ ಎಂಬ ಹೆಸರಿಗೇ ಹೋಗಿದೆ. ತಪ್ಪು ಅವರದೇ ಎಂದು ತೀರ್ಮಾನಿಸಿ, ಎದೆಯುಬ್ಬಿಸಿಕೊಂಡು ಫೋನ್ ಮಾಡಿದೆ.

ಆ ಕಡೆಯಿಂದ ಒಂದು ದನಿ ‘ವೇ?’ ಎಂದಿತು.

‘ಹೌದು ಮಿಸ್ಟರ್ ವೇ, ನಾನು ಬೆಂಗಳೂರಿನಿಂದ’ ಎಂದೆ.

‘ವೇ? ವೇ?’

‘ನಿಮ್ಮೊಂದಿಗೇ ಮಾತನಾಡಬೇಕಿತ್ತು, ಮಿಸ್ಟರ್ ವೇ.’

ಇದು ಇನ್ನೂ ಎರಡು ಸುತ್ತು ನಡೆದ ಮೇಲೆ ಇಂಗ್ಲಿಷ್ ಬಲ್ಲ ಒಬ್ಬ ಹುಡುಗಿ ಫೋನ್ ತೆಗೆದುಕೊಂಡಳು. ನಗು ತಡೆಯಲು ಅವಳು ಪಟ್ಟ ಪಾಡು ಫೋನಿನಲ್ಲೇ ಗೊತ್ತಾಗುತ್ತಿತ್ತು. ಚೀನೀಯರು ಫೋನ್ ಎತ್ತಿದರೆ ಮೊದಲು ಹೇಳುವ ಮಾತೇ ‘ವೇ?’. ನಮ್ಮ ‘ಹಲೋ’ ಇದ್ದಂತೆ. ಅಷ್ಟು ಹೊತ್ತು ನಾನು ಅವರ ಕಾವಲುಗಾರನನ್ನು ‘ಮಿಸ್ಟರ್ ಹಲೋ’ ಎಂದು ಕರೆಯುತ್ತಿದ್ದೆ.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಅವರ ಕಚೇರಿಯಲ್ಲಿ ಝಾಂಗ್ ವೇ ಇಬ್ಬರಿದ್ದರು. ಮಾರಾಟ ವಿಭಾಗದಲ್ಲಿ ಒಬ್ಬ ಗಂಡಸು, ಲೆಕ್ಕಪತ್ರ ವಿಭಾಗದಲ್ಲಿ ಒಬ್ಬ ಹೆಂಗಸು. ಇಬ್ಬರ ಇಮೇಲ್ ವಿಳಾಸಕ್ಕೂ ಇದ್ದ ವ್ಯತ್ಯಾಸ ಕೊನೆಯ ಒಂದು ಅಂಕಿ. ನಾನು ಮೊದಲ ನಾಲ್ಕು ಅಕ್ಷರ ಒತ್ತಿದ್ದೆ, ಉಳಿದದ್ದನ್ನು ಕಂಪ್ಯೂಟರ್ ತುಂಬಿತ್ತು. ಡ್ರಾಯಿಂಗ್ ಲೆಕ್ಕಪತ್ರದ ಹೆಂಗಸಿಗೆ ಹೋಗಿತ್ತು. ‘ಮಿಸ್ಟರ್ ವೇ’ ಎಂದು ಶುರುವಾದ ಪತ್ರ ತನಗಲ್ಲ, ತನಗೆ ಬರಿಯ ಪ್ರತಿ ಬಂದಿದೆ ಎಂದುಕೊಂಡು ಆಕೆ ಸುಮ್ಮನಾಗಿದ್ದರು. ಅದರಲ್ಲಿ ಆಕೆಯ ತಪ್ಪು ಹುಡುಕಲು ನನಗೆ ಮುಖವಿರಲಿಲ್ಲ. ಅಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಕರೆಯುವುದಾದರೆ ಝಾಂಗ್ ಎಂದು ಕರೆಯಬೇಕೇ ಹೊರತು ವೇ ಎಂದಲ್ಲ. ಎರಡೇ ಪದದಲ್ಲಿ ಹೆಸರನ್ನೂ ತಪ್ಪಿದ್ದೆ, ಗಂಡು ಹೆಣ್ಣೆಂಬುದನ್ನೂ ತಪ್ಪಿದ್ದೆ.

ಆ ಹುಡುಗಿ ಇಮೇಲಿನಲ್ಲಿ ಇಬ್ಬರ ಹೆಸರನ್ನೂ ಚೀನೀ ಲಿಪಿಯಲ್ಲಿ ಬರೆದು ಚಿತ್ರ ಕಳುಹಿಸಿದಳು. ಝಾಂಗ್ ಎರಡರಲ್ಲೂ ಒಂದೇ. ‘ವೇ’ ಮಾತ್ರ ಅಣ್ಣತಮ್ಮಂದಿರಂತೆಯೂ ಇರಲಿಲ್ಲ. ಗಂಡಸಿನದು ಆರು ಗೀಟಿನ ಅಕ್ಷರ, ಎಡಕ್ಕೆ ಮನುಷ್ಯನ ಗುರುತು, ಅರ್ಥ ‘ಹಿರಿದು, ಭವ್ಯ’. ಹೆಂಗಸಿನದು ಹದಿನಾರು ಗೀಟಿನದು, ನೆತ್ತಿಯ ಮೇಲೆ ಹುಲ್ಲಿನ ಗುರುತು. ಕಾಡುಗುಲಾಬಿಯ ಹೆಸರಿನಲ್ಲಿ ಬರುವ ಅಕ್ಷರ ಅದು. ಆ ಹುಲ್ಲನ್ನು ತೆಗೆದುಬಿಟ್ಟರೆ ಉಳಿಯುವುದೂ ‘ವೇ’ಯೇ, ಅರ್ಥ ‘ಪುಟ್ಟದು’. ಚೀನೀಯರ ಚಾಟ್ ಆ್ಯಪ್ ವೀಚಾಟ್‌ನ ಚೀನೀ ಹೆಸರಾದ ‘ವೇಶಿನ್’ನಲ್ಲಿರುವುದು ಆ ಪುಟ್ಟ ವೇ. ಮೈಕ್ರೋಸಾಫ್ಟನ್ನು ಅವರು ‘ವೇರುವಾನ್’ ಎನ್ನುತ್ತಾರೆ, ಪುಟ್ಟ-ಮೃದು ಎಂದು ಪದಕ್ಕೆ ಪದ ಇಟ್ಟು. ಹುವಾವೇ ಕಂಪನಿಯ ವೇ ಬೇರೆ, ಅದು ‘ಮಾಡು’ ಎಂಬ ಕ್ರಿಯೆ. ಇವಲ್ಲದೆ ರುಚಿಯೂ ವೇ, ಹೊಟ್ಟೆಯೊಳಗಿನ ಜಠರವೂ ವೇ, ಬಾಲವೂ ವೇ, ಅಪಾಯವೂ ವೇ, ಕಾವಲೂ ವೇ. ಫೋನಿನ ‘ವೇ’ಗೆ ಬರೆಯುವ ಅಕ್ಷರಕ್ಕೆ ಉಣಿಸು ಎಂಬ ಅರ್ಥವೂ ಇದೆ.

ಅವರ ಕಿವಿಗೆ ಇವೆಲ್ಲ ಒಂದೇ ಅಲ್ಲ. ಸ್ವರ ಏರಿಸಿ, ಇಳಿಸಿ, ಸಮವಾಗಿ ಹಿಡಿದು, ಬಗ್ಗಿಸಿ ಎತ್ತಿ ಹೀಗೆ ನಾಲ್ಕು ಬಗೆಯಲ್ಲಿ ಒಂದೇ ಉಚ್ಚಾರವನ್ನು ಬೇರೆ ಮಾಡುತ್ತಾರೆ. ಭವ್ಯದ ವೇ ತಗ್ಗಿ ಏಳುತ್ತದೆ, ಗುಲಾಬಿಯ ವೇ ಮೇಲೆಯೇ ನೇರವಾಗಿ ನಿಲ್ಲುತ್ತದೆ. ಆದರೂ ಸ್ವರ ಬಿಟ್ಟು ಎಣಿಸಿದರೆ ಮ್ಯಾಂಡರಿನ್‌ನಲ್ಲಿರುವ ಉಚ್ಚಾರಗಳು ಸುಮಾರು 400. ಅಷ್ಟರಲ್ಲೇ ಸಾವಿರಾರು ಅಕ್ಷರಗಳು ಸಂಸಾರ ಮಾಡಬೇಕು. 1958ರಲ್ಲಿ ಜಾರಿಗೆ ಬಂದ ಪಿನ್ಯಿನ್ ಎಂಬ ರೋಮನ್ ಬರವಣಿಗೆಯಲ್ಲಿ ಸ್ವರಗಳಿಗೆ ಗುರುತುಗಳಿವೆ. ಇಮೇಲ್ ವಿಳಾಸಕ್ಕೂ ಪಾಸ್‌ಪೋರ್ಟಿಗೂ ಬರುವಷ್ಟರಲ್ಲಿ ಅವು ಉದುರಿಹೋಗಿರುತ್ತವೆ. ನನ್ನ ಕೈಗೆ ಬರುವುದು ಉದುರಿದ ಮೇಲಿನ ಹೆಸರು.

ಇದನ್ನು ಚೀನಾದ ವಿಚಿತ್ರವೆಂದು ನಗುವ ಹಕ್ಕು ನಮಗಿಲ್ಲ. ಎಂ, ಎ, ಎಲ್, ಇ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಪದ ಯಾವುದು? ಮಳೆಯೋ, ಮಲೆಯೋ, ಮಾಲೆಯೋ? ನಮ್ಮ ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಚಿಕ್ಕಮ್ಮ ‘ಮಳೆ ತರಬೇಡ’ ಎಂದರೋ ‘ಮಾಲೆ ತರಬೇಡ’ ಎಂದರೋ ಎಂದು ನಾವು ಒಮ್ಮೆ ಚರ್ಚೆ ಮಾಡಿದ್ದೇವೆ.

ಚೀನೀಯರಲ್ಲೇ ಝಾಂಗ್ ವೇ ತೀರಾ ಸಾಮಾನ್ಯ ಹೆಸರು. ಆ ‘ಭವ್ಯ’ದ ವೇ ಬರೆಯುವ ಝಾಂಗ್‌ಗಳೇ ಸುಮಾರು 3 ಲಕ್ಷ ಮಂದಿ. ಹಾಗಾಗಿ ಅವರಲ್ಲೊಂದು ರೂಢಿಯಿದೆ. ಪರಿಚಯ ಹೇಳಿಕೊಳ್ಳುವಾಗ ಅಕ್ಷರವನ್ನು ಬಿಡಿಸಿ ಹೇಳುತ್ತಾರೆ: ‘ಗೊಂಗ್ ಛಾಂಗ್ ಝಾಂಗ್’, ಅಂದರೆ ಬಿಲ್ಲು ಮತ್ತು ಉದ್ದ ಸೇರಿದ ಝಾಂಗ್. ‘ಲೀ ಝಾವ್ ಝಾಂಗ್’ ಎಂದರೆ ಇನ್ನೊಂದು ಮನೆತನ, ನಿಲ್ಲು ಮತ್ತು ಬೆಳಗು ಸೇರಿದ್ದು. ‘ವೇದಾ’ ಎಂಬ ಪದದ ವೇ, ‘ಛಿಯಾಂಗ್‌ವೇ’ ಹೂವಿನ ವೇ ಎಂದು ವೇಯನ್ನೂ ಬಿಡಿಸುತ್ತಾರೆ. ನಾವು ‘ಶಂಕರನ ಶ, ಷಣ್ಮುಖನ ಷ’ ಎನ್ನುವುದಿಲ್ಲವೇ, ಹಾಗೆ. ಇದನ್ನು ಕೇಳಿದ ದಿನ ನನಗೆ ಆ ಭಾಷೆಯ ಮೇಲಿದ್ದ ಭಯ ಅರ್ಧ ಇಳಿಯಿತು.

ಕೆಲಸದಲ್ಲಿ ಬದಲಾದದ್ದು ಸಣ್ಣದು. ಸರಬರಾಜುದಾರರ ಪಟ್ಟಿಯಲ್ಲಿ ಒಂದು ಹೊಸ ಅಂಕಣ ಸೇರಿಸಿದೆ. ಅದರಲ್ಲಿ ಪ್ರತಿಯೊಬ್ಬರ ಹೆಸರೂ ಅವರೇ ಕಳುಹಿಸಿದ ಚೀನೀ ಅಕ್ಷರಗಳಲ್ಲಿರುತ್ತದೆ, ಪಕ್ಕದಲ್ಲಿ ವಿಭಾಗ. ನನಗೆ ಓದಲು ಬರುವುದಿಲ್ಲ. ನಕಲು ಮಾಡಿ ಅಂಟಿಸಲು ಬರುತ್ತದೆ, ಎರಡು ಒಂದೇ ಹೌದೋ ಅಲ್ಲವೋ ನೋಡಲು ಬರುತ್ತದೆ. ಪರ್ಚೇಸ್ ಆರ್ಡರಿನ ಮೇಲೂ ಅದೇ ಹೋಗುತ್ತದೆ. ಊರಿನ ಹೆಸರನ್ನೂ ಹಾಗೆಯೇ ಕೇಳುತ್ತೇನೆ. ಪಂಪುಗಳಿಗೆ ಹೆಸರಾದ ವೆನ್‌ಲಿಂಗ್ ಇರುವುದು ಝೆಜಿಯಾಂಗ್ ಪ್ರಾಂತ್ಯದ ತೈಝೌನಲ್ಲಿ; ಪಕ್ಕದ ಜಿಯಾಂಗ್ಸು ಪ್ರಾಂತ್ಯದಲ್ಲೂ ಒಂದು ತೈಝೌ ಇದೆ, ರೋಮನ್‌ನಲ್ಲಿ ಕಾಗುಣಿತವೂ ಒಂದೇ. ಎರಡನೆಯ ಸಲ ಕೈ ಸುಟ್ಟುಕೊಳ್ಳುವ ಆಸೆ ನನಗಿಲ್ಲ.

ಲೆಕ್ಕಪತ್ರದ ಝಾಂಗ್ ವೇ ಅವರಿಗೆ ಕ್ಷಮೆ ಕೇಳಿ ಬರೆದೆ. ಈ ಸಲ ‘ಮಿಸ್ ಝಾಂಗ್’ ಎಂದು. ಆಕೆ ಉತ್ತರವಾಗಿ ಒಂದು ಗುಲಾಬಿಯ ಚಿತ್ರ ಕಳುಹಿಸಿದರು, ಜೊತೆಗೆ ಬಾಕಿ ಇದ್ದ ಬಿಲ್ಲನ್ನೂ.

ಆ 600 ಸೀಲುಗಳು ವಾಪಸು ಹೋಗಲಿಲ್ಲ, ಸಾಗಣೆಗೇ ಹೆಚ್ಚು ಹಣ ಬೇಕಿತ್ತು. ಹಳೆಯ ಪಂಪುಗಳು ರಿಪೇರಿಗೆ ಬಂದಾಗ ಒಂದೊಂದಾಗಿ ಖರ್ಚಾಗುತ್ತಿವೆ. ಸ್ಟೋರ್‌ಕೀಪರ್ ಆ ಪೆಟ್ಟಿಗೆಗಳ ಮೇಲೆ ಅಳತೆ ಬರೆದಿಲ್ಲ. ಕಪ್ಪು ಮಾರ್ಕರಿನಲ್ಲಿ, ದಪ್ಪ ಕನ್ನಡ ಅಕ್ಷರದಲ್ಲಿ, ‘ವೇ’ ಎಂದಷ್ಟೇ ಬರೆದಿದ್ದಾರೆ.